ಹಾಡಿನಿಂದ ಹೆಸರಿಗೆ: ಅಮೆರಿಕದ ಮರುಭೂಮಿಗಳ ಬಯಲು ಜೀರುಂಡೆ

ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗದಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾದಿಂದ ಅರಿಜೋನಾ, ನ್ಯೂ ಮೆಕ್ಸಿಕೊಗಳನ್ನು ಹಾದು ಪಶ್ಚಿಮ ಟೆಕ್ಸಾಸಿನವರೆಗೆ, ಮೊಹಾವಿ, ಸೊನೊರಾ, ಚಿವಾವಾ ಎಂಬ ಮೂರು ದೊಡ್ಡ ಮರುಭೂಮಿಗಳು ಹರಡಿಕೊಂಡಿವೆ. ಅಲ್ಲಿನ ಬಂಡೆಗಳ ಸಂದಿನಲ್ಲಿ, ಒಣಗಿದ ಹಳ್ಳಗಳ ದಂಡೆಯಲ್ಲಿ, ನೀರು ಹಾಯಿಸಿದ ಹೊಲಗಳ ಬದುವಿನಲ್ಲಿ ಇರುಳು ಹೊತ್ತು ಹಾಡುವ ಕಪ್ಪು ಅಥವಾ ಕಂದು ಬಣ್ಣದ ಬಯಲು ಜೀರುಂಡೆಗಳಿಗೆ 1915ರಿಂದ ಸುಮಾರು ನಾಲ್ಕು ದಶಕಗಳ ಕಾಲ ಕೀಟಶಾಸ್ತ್ರದ ಗ್ರಂಥಗಳಲ್ಲಿ ಒಂದೇ ಒಂದು ಹೆಸರಿತ್ತು. 2019ರಲ್ಲಿ ಪ್ರಕಟವಾದ ಸಮಗ್ರ ಪರಿಷ್ಕರಣೆಯು ಆ ದೇಶದಲ್ಲಿ ಇದೇ ಕುಲಕ್ಕೆ ಸೇರಿದ 35 ಪ್ರಭೇದಗಳನ್ನು ಗುರುತಿಸಿತಲ್ಲದೆ, ಅವುಗಳಲ್ಲಿ 17ಕ್ಕೆ ಮೊದಲ ಬಾರಿಗೆ ಹೆಸರಿಟ್ಟಿತು. ಈ ನಡುವಿನ ನೂರು ವರ್ಷಗಳಲ್ಲಿ ಕೀಟಗಳೇನೂ ಬದಲಾಗಲಿಲ್ಲ; ಅವುಗಳನ್ನು ಅರಿಯುವ ಕ್ರಮ ಬದಲಾಯಿತು. ಸೂಜಿಗೆ ಚುಚ್ಚಿದ ಒಣ ದೇಹವನ್ನು ಕಣ್ಣಿನಿಂದ ಅಳೆಯುತ್ತಿದ್ದ ಶಾಸ್ತ್ರವು ಜೀವಂತ ಕೀಟದ ಹಾಡಿಗೆ ಕಿವಿಗೊಡಲು ಕಲಿತದ್ದೇ ಆ ಬದಲಾವಣೆಯ ತಿರುಳು, ಮತ್ತು ಆ ಕಲಿಕೆ ಮರುಭೂಮಿಯನ್ನು ತಲುಪಿದ್ದು ಎಲ್ಲಕ್ಕಿಂತ ಕೊನೆಗೆ.

ಜೀರುಂಡೆ ಎಂಬ ಹೆಸರನ್ನು ಮರದ ಮೇಲೆ ಕುಳಿತು ಹಗಲೆಲ್ಲ ಮೊರೆಯುವ, ರಸ ಹೀರುವ ಕೀಟಕ್ಕೂ ಕನ್ನಡನಾಡಿನ ಹಲವೆಡೆ ಬಳಸುವುದುಂಟಾದರೂ, ಇಲ್ಲಿ ಹೇಳಲಾಗುತ್ತಿರುವುದು ಮಿಡತೆಗಳ ಗಣಕ್ಕೆ ಸೇರಿದ, ನೆಲದ ಮೇಲೆ ಬದುಕುವ, ಉದ್ದ ಮೀಸೆಯ, ನೆಗೆಯುವ ಹಿಂಗಾಲಿನ ಕೀಟವನ್ನು ಕುರಿತು. ಇದರ ಕುಲಕ್ಕೆ ಗ್ರಿಲಸ್ ಎಂದು ಹೆಸರು. ಅದನ್ನು ಲಿನೇಯಸ್ 1758ರಲ್ಲಿ ಕೊಟ್ಟನು. ದೇಹದ ಹಿಂತುದಿಯಲ್ಲಿ ಗಾಳಿಯ ಸಣ್ಣ ಅಲುಗಾಟವನ್ನೂ ಗ್ರಹಿಸುವ ಎರಡು ಕೂದಲುಭರಿತ ಕವಲುಗಳಿರುತ್ತವೆ. ಹೆಣ್ಣಿಗೆ ಇವೆರಡರ ನಡುವೆ ಸೂಜಿಯಂತೆ ನೀಳವಾದ ಮೊಟ್ಟೆನಾಳವೊಂದು ಹೆಚ್ಚುವರಿಯಾಗಿ ಇರುತ್ತದೆ. ತೇವವಿರುವ ಮಣ್ಣಿಗೆ ಅದನ್ನು ಚುಚ್ಚಿ ಒಂದೊಂದಾಗಿ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಹೊರಬಂದ ಮರಿ ತಾಯಿಯದೇ ಆಕಾರದಲ್ಲಿದ್ದು, ರೆಕ್ಕೆಗಳಿಲ್ಲದೆ, ಹಲವು ಬಾರಿ ಪೊರೆ ಕಳಚುತ್ತ ಬೆಳೆಯುತ್ತದೆ. ಕೊನೆಯ ಪೊರೆ ಕಳಚಿದ ಮೇಲೆಯೇ ಗಂಡಿಗೆ ಹಾಡುವ ರೆಕ್ಕೆಗಳು ಮೂಡುತ್ತವೆ.

ಹಾಡು ಹುಟ್ಟುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಮುಂದಿನ ಇತಿಹಾಸವೆಲ್ಲ ಈ ಸಣ್ಣ ಯಂತ್ರದ ಸುತ್ತಲೇ ನಡೆಯುತ್ತದೆ. ಗಂಡಿನ ಮುಂದಿನ ಎರಡು ರೆಕ್ಕೆಗಳು ದಪ್ಪನಾಗಿ, ಬೆನ್ನಿನ ಮೇಲೆ ಒಂದರ ಮೇಲೊಂದು ಮಲಗಿರುತ್ತವೆ. ಬಯಲು ಜೀರುಂಡೆಗಳಲ್ಲಿ ಬಲ ರೆಕ್ಕೆ ಮೇಲೆ, ಎಡ ರೆಕ್ಕೆ ಕೆಳಗೆ. ಬಲ ರೆಕ್ಕೆಯ ಒಳಮೈಯಲ್ಲಿ ಒಂದು ನರ ಉಬ್ಬಿಕೊಂಡು, ಅದರ ಉದ್ದಕ್ಕೂ ಅತಿ ಸಣ್ಣ ಹಲ್ಲುಗಳು ಸಾಲಾಗಿ ನಿಂತಿರುವುದರಿಂದ ಅದನ್ನು ಅರ ಎಂದು ಕರೆಯಬಹುದು. ಎಡ ರೆಕ್ಕೆಯ ಅಂಚಿನಲ್ಲಿ ಗಟ್ಟಿಯಾದ ಒಂದು ಮೀಟುವ ತುದಿಯಿದೆ. ಜೀರುಂಡೆ ರೆಕ್ಕೆಗಳನ್ನು ಓರೆಯಾಗಿ ಮೇಲೆತ್ತಿ ಮುಚ್ಚುವಾಗ, ಬಾಚಣಿಗೆಯ ಹಲ್ಲುಗಳ ಮೇಲೆ ಉಗುರನ್ನು ಎಳೆದಂತೆ, ಆ ತುದಿ ಅರದ ಹಲ್ಲುಗಳನ್ನು ಒಂದಾದ ಮೇಲೊಂದರಂತೆ ಮೀಟುತ್ತ ಸಾಗುತ್ತದೆ, ಮತ್ತು ರೆಕ್ಕೆಯ ನಡುವಿನ ತೆಳುವಾದ, ನಿರ್ದಿಷ್ಟ ಶ್ರುತಿಗೆ ಹೊಂದಿಕೊಂಡ ಭಾಗವು ಆ ಕಂಪನವನ್ನು ಹಿಗ್ಗಿಸಿ ಹೊರಗೆ ಬಿಡುತ್ತದೆ. ರೆಕ್ಕೆ ತೆರೆದುಕೊಳ್ಳುವಾಗ ಸದ್ದಿಲ್ಲ; ಮುಚ್ಚಿಕೊಳ್ಳುವ ಪ್ರತಿ ಸಲವೂ ಒಂದು ಮಿಡಿತ. ಈ ಮಿಡಿತದ ಸ್ವರ ಸೆಕೆಂಡಿಗೆ ಸುಮಾರು 4,000ದಿಂದ 5,000 ಕಂಪನಗಳಷ್ಟು ಎತ್ತರದಲ್ಲಿರುತ್ತದೆ, ಒಂದು ಹಲ್ಲಿಗೆ ಒಂದು ಕಂಪನವೆಂಬ ಲೆಕ್ಕದಲ್ಲಿ. ಮಿಡಿತಗಳು ಕೆಲವು ಸೇರಿ ಒಂದು ಗುಂಪಾಗಿ, ನಡುವೆ ಬಿಡುವು ಬಿಟ್ಟು ಕೇಳಿಬಂದರೆ ಅದು ಚಿರ್ರು. ಬಿಡುವಿಲ್ಲದೆ ನಿಮಿಷಗಟ್ಟಲೆ ಹರಿದರೆ ಅದು ಎಳೆಹಾಡು. ಒಂದು ಚಿರ್ರಿನಲ್ಲಿ ಎಷ್ಟು ಮಿಡಿತ, ಸೆಕೆಂಡಿಗೆ ಎಷ್ಟು ಮಿಡಿತ, ನಡುವಿನ ಬಿಡುವು ಎಷ್ಟು ಎಂಬ ಈ ಮೂರರ ಜೋಡಣೆ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಮುಂಗಾಲಿನ ಮೊಣಕಾಲ ಕೆಳಗೆ ಕಿವಿಯನ್ನು ಹೊತ್ತ ಹೆಣ್ಣು ತನ್ನ ಜಾತಿಯ ಗಂಡನ್ನು ಕತ್ತಲಲ್ಲಿ ಆರಿಸಿಕೊಳ್ಳುವುದು ಮುಖ್ಯವಾಗಿ ಈ ಜೋಡಣೆಯಿಂದಲೇ.

ಮರುಭೂಮಿಯಲ್ಲಿ ಇಂತಹ ಕೀಟ ಬದುಕುವುದೇ ಒಂದು ಸಾಧನೆ, ಏಕೆಂದರೆ ಅದರ ಮೊಟ್ಟೆಗೆ ತೇವ ಬೇಕು, ಮರಿಗೆ ತೇವ ಬೇಕು, ಆದರೆ ನೆಲ ವರ್ಷದ ಬಹುಭಾಗ ಒಣಗಿಯೇ ಇರುತ್ತದೆ. ಹಗಲಿನ ಉರಿಯಲ್ಲಿ ಕಲ್ಲಿನ ಸಂದು, ಮಣ್ಣಿನ ಬಿರುಕು, ದಂಶಕಗಳ ಬಿಲ, ಒಣಗಿ ಬಿದ್ದ ಗಿಡದ ಬುಡ ಇವುಗಳಲ್ಲಿ ಅಡಗಿ, ಕತ್ತಲಾದ ಮೇಲೆ ಹೊರಬರುವುದು ಅಲ್ಲಿನ ಜೀರುಂಡೆಗಳ ಕ್ರಮ. ಸೊನೊರಾ ಮರುಭೂಮಿಗೆ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬರುವ ಬೇಸಿಗೆಯ ಗುಡುಗು ಮಳೆಯನ್ನು ಆ ನಾಡಿನವರೂ ಮಾನ್ಸೂನ್ ಎಂದೇ ಕರೆಯುತ್ತಾರೆ. ಆ ಮಳೆಯ ತೇವವನ್ನು ಬಳಸಿಕೊಳ್ಳುವ ಬಗೆ ಎರಡು: ಒಂದೇ ಪ್ರಭೇದದೊಳಗೆ ಉದ್ದ ಹಿಂರೆಕ್ಕೆಯಿರುವ, ಹಾರಬಲ್ಲ ಜೀರುಂಡೆಗಳೂ, ಮೊಟಕು ರೆಕ್ಕೆಯ, ನೆಲವನ್ನೇ ನಂಬಿದ ಜೀರುಂಡೆಗಳೂ ಇರುವುದುಂಟು. ಹಾರುವುದಕ್ಕೆ ಬೇಕಾದ ಸ್ನಾಯುಗಳನ್ನು ಬೆಳೆಸಿಕೊಂಡ ಹೆಣ್ಣು ಮೊಟ್ಟೆಗಳಿಗೆ ತಡವಾಗಿ ಗಮನ ಕೊಡುತ್ತದೆ. ಒಳ್ಳೆಯ ಜಾಗ ಸಿಕ್ಕ ಮೇಲೆ ಎಷ್ಟೋ ಬಾರಿ ಆ ಸ್ನಾಯುಗಳೇ ಕರಗಿ, ಆ ಸತ್ತ್ವ ಮೊಟ್ಟೆಗಳಿಗೆ ಒದಗುತ್ತದೆ. ಮಳೆ ಎಲ್ಲಿ ಬೀಳುವುದೆಂದು ಹೇಳಲಾಗದ ನೆಲದಲ್ಲಿ ಈ ಎರಡು ಬಗೆಯ ಬಾಳು ಒಟ್ಟಿಗೆ ಉಳಿದುಬಂದಿರುವುದು ಅರ್ಥಪೂರ್ಣವಾಗಿಯೇ ತೋರುತ್ತದೆ.

ಮನುಷ್ಯನು ಮರುಭೂಮಿಗೆ ನೀರು ತಂದಾಗ ಈ ಲೆಕ್ಕ ಬದಲಾಯಿತು. ಕೊಲರಾಡೊ ನದಿಯ ನೀರು 1901ರಲ್ಲಿ ಕಾಲುವೆಯ ಮೂಲಕ ದಕ್ಷಿಣ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಗೆ ಹರಿಯಿತು. 1905ರಲ್ಲಿ ನದಿಯೇ ದಂಡೆ ಒಡೆದು ಕಾಲುವೆಯೊಳಗೆ ನುಗ್ಗಿ, 1907ರಲ್ಲಿ ಅದನ್ನು ತಡೆಯುವ ಹೊತ್ತಿಗೆ ಸಾಲ್ಟನ್ ಸೀ ಎಂಬ ದೊಡ್ಡ ಕೆರೆಯನ್ನು ನಿರ್ಮಿಸಿಬಿಟ್ಟಿತ್ತು. ವರ್ಷವಿಡೀ ತೇವವಾಗಿರುವ ಹೊಲಗಳು ಇದ್ದಕ್ಕಿದ್ದಂತೆ ಒಣನೆಲದ ನಡುವೆ ಎದ್ದವು. ಈ ಕಣಿವೆಗಳ ರೈತರಿಗೆ ಬಯಲು ಜೀರುಂಡೆ ಹಾಡುಗಾರನಾಗಿ ಪರಿಚಯವಾದದ್ದಕ್ಕಿಂತ ಮೊಳಕೆ ಕಡಿಯುವ ಹುಳುವಾಗಿ ಪರಿಚಯವಾಯಿತು: ಬೇಸಿಗೆಯಲ್ಲಿ ಹತ್ತಿಯ ಹೊಲ, ಹುಲ್ಲುಮೇವಿನ ಹೊಲ, ಕಳೆಯ ಬದುಗಳಲ್ಲಿ ಬೆಳೆದ ಜೀರುಂಡೆಗಳು, ಬೇಸಿಗೆ ಮುಗಿದು ಲೆಟ್ಯೂಸ್, ಕೋಸಿನಂತಹ ತರಕಾರಿಗಳನ್ನು ಬಿತ್ತಿದಾಗ ಆ ಹೊಲಗಳಿಗೆ ಹಿಂಡಾಗಿ ಬಂದು, ಹಗಲು ನೀರಾವರಿ ಕೊಳವೆಗಳ ಕೆಳಗೆ ಅಡಗಿ, ಇರುಳು ಎಳೆಯ ಸಸಿಗಳನ್ನು ತಿಂದುಹಾಕುತ್ತವೆ. ಅಲ್ಲಿ ಹಾನಿ ಮಾಡುತ್ತಿದ್ದ ಕೀಟ ಒಂದು ಪ್ರಭೇದವೋ ಹಲವೋ ಎಂಬ ಪ್ರಶ್ನೆಗೆ ಆ ಕಾಲದ ಶಾಸ್ತ್ರ ಸರಿಯಾದ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಆ ಸ್ಥಿತಿ ಬಂದದ್ದು ಹೇಗೆಂದು ತಿಳಿಯಲು ವಸ್ತುಸಂಗ್ರಹಾಲಯದ ಪದ್ಧತಿಯನ್ನು ನೆನೆಯಬೇಕು. ಹೊಸ ಪ್ರಭೇದವೊಂದಕ್ಕೆ ಹೆಸರಿಡುವವನು ಒಂದು ಮಾದರಿ ದೇಹವನ್ನು ಆಧಾರವಾಗಿಟ್ಟು, ಅದರ ತಲೆಯ ಅಗಲ, ರೆಕ್ಕೆಯ ಉದ್ದ, ಬಣ್ಣ, ಮೊಟ್ಟೆನಾಳದ ಅಳತೆ ಇವುಗಳನ್ನು ಲ್ಯಾಟಿನ್ ಹೆಸರಿನೊಂದಿಗೆ ಪ್ರಕಟಿಸುತ್ತಿದ್ದನು. ಜಮೈಕದಿಂದ ಬಂದ ದೇಹವೊಂದನ್ನು ಡೆನ್ಮಾರ್ಕಿನ ಫ್ಯಾಬ್ರಿಸಿಯಸ್ 1775ರಲ್ಲಿ ಹೀಗೆಯೇ ಅಸಿಮಿಲಿಸ್ ಎಂದು ಹೆಸರಿಸಿದನು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಅಮೆರಿಕದ ಬಯಲು ಜೀರುಂಡೆಗಳಿಗೆ ಒಬ್ಬೊಬ್ಬರು ಒಂದೊಂದು ಹೆಸರು ಕೊಡುತ್ತ ಹೋದರು. ಅವರಲ್ಲಿ ಸ್ಯಾಮ್ಯುಯೆಲ್ ಸ್ಕಡರ್ ವಿಶೇಷವಾಗಿ ಗಮನಕ್ಕೆ ಬರುತ್ತಾನೆ. 1868ರಲ್ಲೇ ಮಿಡತೆಗಳ ಹಾಡುಗಳನ್ನು ಕುರಿತು ಲೇಖನ ಬರೆದು, ಅವನ್ನು ಸಂಗೀತದ ಸ್ವರಲಿಪಿಯಲ್ಲಿ ಬರೆದಿಡಲು ಯತ್ನಿಸಿದ್ದ ಈ ವಿದ್ವಾಂಸನು, 1901 ಮತ್ತು 1902ರಲ್ಲಿ ಇಂಟೀಜರ್, ಆರ್ಮೇಟಸ್, ರೂಬೆನ್ಸ್, ಫರ್ಮಸ್ ಎಂಬ ಪ್ರಭೇದಗಳಿಗೆ ಹೆಸರಿಡುವಾಗ ಹಾಡನ್ನಲ್ಲ, ಒಣಗಿದ ದೇಹಗಳನ್ನೇ ನೆಚ್ಚಿದನು. ಕಿವಿಯೂ ಕಣ್ಣೂ ಒಬ್ಬನಲ್ಲೇ ಇದ್ದು, ಎರಡೂ ಒಂದೇ ಕೆಲಸಕ್ಕೆ ಒದಗದೆ ಹೋದ ಈ ಸಂದರ್ಭ ವಿಜ್ಞಾನದ ಇತಿಹಾಸದಲ್ಲಿ ಅಪರೂಪವೇನಲ್ಲವಾದರೂ, ಇಲ್ಲಿ ಅದರ ಬೆಲೆ ದೊಡ್ಡದಾಗಿತ್ತು.

1915ರಲ್ಲಿ ಫಿಲಡೆಲ್ಫಿಯದ ನಿಸರ್ಗ ವಿಜ್ಞಾನಗಳ ಅಕಾಡೆಮಿಯ ಜೇಮ್ಸ್ ರೇನ್ ಮತ್ತು ಮಾರ್ಗನ್ ಹೆಬಾರ್ಡ್ ಅಮೆರಿಕದ ಗ್ರಿಲಸ್ ಕುಲವನ್ನು ಕುರಿತು ವಿಸ್ತಾರವಾದ ಅಧ್ಯಯನವನ್ನು ಪ್ರಕಟಿಸಿದರು. ಎರಡು ಖಂಡಗಳಿಂದ ಬಂದ ರಾಶಿ ಮಾದರಿಗಳನ್ನು ಒಂದೆಡೆ ಇಟ್ಟು ಅಳೆದಾಗ, ಒಂದು ಹೆಸರಿನ ದೇಹಕ್ಕೂ ಇನ್ನೊಂದು ಹೆಸರಿನ ದೇಹಕ್ಕೂ ನಡುವೆ ಗಟ್ಟಿಯಾದ ಗೆರೆ ಎಲ್ಲಿಯೂ ಕಾಣಲಿಲ್ಲ. ದೊಡ್ಡದು ಚಿಕ್ಕದರೊಳಗೆ, ಕಪ್ಪು ಕಂದಿನೊಳಗೆ, ಉದ್ದ ರೆಕ್ಕೆ ಮೊಟಕು ರೆಕ್ಕೆಯೊಳಗೆ ಹಂತಹಂತವಾಗಿ ಕರಗಿಹೋಗುತ್ತಿತ್ತು. ಆದ್ದರಿಂದ ಅವರು ಹಳೆಯ ಹೆಸರುಗಳನ್ನೆಲ್ಲ ತೆಗೆದು, ಅಮೆರಿಕದ ಸ್ಥಳೀಯ ಬಯಲು ಜೀರುಂಡೆಗಳೆಲ್ಲ ಫ್ಯಾಬ್ರಿಸಿಯಸ್ ಹೆಸರಿಸಿದ ಅಸಿಮಿಲಿಸ್ ಎಂಬ ಒಂದೇ ಪ್ರಭೇದವೆಂದು ತೀರ್ಮಾನಿಸಿದರು. ಈ ತೀರ್ಮಾನವನ್ನು ಇಂದು ತಪ್ಪೆಂದು ಹೇಳುವುದು ಸುಲಭ. ಆದರೆ ತಮ್ಮ ಮುಂದಿದ್ದ ಸಾಕ್ಷ್ಯಕ್ಕೆ ಅವರು ಪ್ರಾಮಾಣಿಕರಾಗಿದ್ದರು ಎಂಬುದನ್ನು ಒಪ್ಪಲೇಬೇಕು, ಏಕೆಂದರೆ ಇಂದಿಗೂ ಇವುಗಳಲ್ಲಿ ಎಷ್ಟೋ ಪ್ರಭೇದಗಳನ್ನು ಒಣ ದೇಹದಿಂದ ಬೇರ್ಪಡಿಸಲು ಪರಿಣತರಿಗೂ ಆಗುವುದಿಲ್ಲ. ಕೊರತೆಯಿದ್ದದ್ದು ಅವರ ಅಳತೆಯಲ್ಲಲ್ಲ, ಅಳೆಯಲು ಆರಿಸಿಕೊಂಡ ವಸ್ತುವಿನಲ್ಲಿ.

ಹಾಡಿಗೆ ಅರ್ಥವಿದೆ ಎಂಬುದಕ್ಕೆ ಆ ಹೊತ್ತಿಗಾಗಲೇ ಪುರಾವೆ ದೊರೆತಿತ್ತು ಎಂಬುದನ್ನು ನೆನೆದರೆ ಈ ಕೊರತೆ ಇನ್ನಷ್ಟು ಎದ್ದುಕಾಣುತ್ತದೆ. ವಿಯೆನ್ನಾದಲ್ಲಿ ಕೆಲಸ ಮಾಡುತ್ತಿದ್ದ ಸ್ಲೊವೇನಿಯಾ ಮೂಲದ ಇವಾನ್ ರೇಗೆನ್ 1913ರಲ್ಲಿ ಯುರೋಪಿನ ಬಯಲು ಜೀರುಂಡೆಯ ಗಂಡನ್ನು ಟೆಲಿಫೋನಿನ ಧ್ವನಿಗ್ರಾಹಕದ ಮುಂದೆ ಹಾಡಲು ಬಿಟ್ಟು, ಬೇರೊಂದೆಡೆ ಟೆಲಿಫೋನಿನ ಇನ್ನೊಂದು ತುದಿಯ ಬಳಿ ಹೆಣ್ಣನ್ನು ಇರಿಸಿದನು. ಗಂಡಿನ ವಾಸನೆಯಿಲ್ಲ, ರೂಪವಿಲ್ಲ, ತಂತಿಯಲ್ಲಿ ಹರಿದುಬಂದ ಸದ್ದು ಮಾತ್ರ. ಹೆಣ್ಣು ಆ ಸದ್ದಿನತ್ತ ನಡೆಯಿತು. ಜೀರುಂಡೆಯ ಜಗತ್ತಿನಲ್ಲಿ ಹಾಡು ಅಲಂಕಾರವಲ್ಲ, ಗುರುತಿನ ಚೀಟಿ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಪ್ರಯೋಗ ಅದಕ್ಕೆ ಮುಂಚೆ ಇರಲಿಲ್ಲ. ಆದರೆ ರೇಗೆನ್ ಶರೀರಕ್ರಿಯೆಯನ್ನು ಅಭ್ಯಸಿಸುವವನು, ರೇನ್ ಮತ್ತು ಹೆಬಾರ್ಡ್ ವರ್ಗೀಕರಣ ಮಾಡುವವರು. ಈ ಎರಡು ವಿದ್ಯೆಗಳು ಒಂದನ್ನೊಂದು ಓದಿಕೊಳ್ಳಲು ದಶಕಗಳು ಬೇಕಾದವು.

ಹಾಡನ್ನು ಅಳೆಯುವುದಕ್ಕೆ ಇನ್ನೊಂದು ಅಡ್ಡಿಯೂ ಇತ್ತು, ಅದು ಶೀತೋಷ್ಣದ್ದು. ಜೀರುಂಡೆ ತನ್ನ ಮೈಬಿಸಿಯನ್ನು ತಾನೇ ಕಾಪಾಡಿಕೊಳ್ಳಲಾರದ ಪ್ರಾಣಿಯಾದ್ದರಿಂದ, ಸುತ್ತಲ ಗಾಳಿ ತಣ್ಣಗಾದಂತೆ ಅದರ ಹಾಡು ನಿಧಾನವಾಗುತ್ತದೆ. ಇದನ್ನು ಮಾರ್ಗರೆಟ್ ಬ್ರೂಕ್ಸ್ ಎಂಬಾಕೆ 1881ರಲ್ಲೇ ಪತ್ರಿಕೆಯೊಂದಕ್ಕೆ ಬರೆದು ತಿಳಿಸಿದ್ದಳು. 1897ರಲ್ಲಿ ಭೌತವಿಜ್ಞಾನಿ ಏಮೊಸ್ ಡಾಲ್ಬೇರ್ ಇದನ್ನು ಒಂದು ಸೂತ್ರಕ್ಕೆ ಇಳಿಸಿ, ನಿಮಿಷದ ಚಿರ್ರುಗಳ ಸಂಖ್ಯೆಯಿಂದ 40ನ್ನು ಕಳೆದು, ಉಳಿದುದನ್ನು 4ರಿಂದ ಭಾಗಿಸಿ, 50ನ್ನು ಕೂಡಿಸಿದರೆ ಗಾಳಿಯ ಉಷ್ಣತೆ ಫ್ಯಾರನ್‌ಹೀಟ್ ಅಂಶಗಳಲ್ಲಿ ದೊರೆಯುವುದೆಂದು ಹೇಳಿದನು. ಅವನು ಕೇಳಿದ್ದು ಬಯಲು ಜೀರುಂಡೆಯನ್ನಲ್ಲ, ಗಿಡಗಳ ಮೇಲಿರುವ ಬಿಳಿಚಿದ ಮರಜೀರುಂಡೆಯನ್ನು ಎಂಬುದು ವಿದ್ವಾಂಸರ ಅಭಿಪ್ರಾಯ. ಸೂತ್ರ ಜನಪ್ರಿಯವಾಯಿತು, ಆದರೆ ವರ್ಗೀಕರಣಕ್ಕೆ ಅದರ ಪಾಠ ಬೇರೆಯದಾಗಿತ್ತು. ಹಗಲಿನ ಉರಿ ಇಳಿದು ಇರುಳು ಬೇಗನೆ ತಣ್ಣಗಾಗುವ ಮರುಭೂಮಿಯಲ್ಲಿ, ಒಂದೇ ಜೀರುಂಡೆಯ ಸಂಜೆಯ ಹಾಡು ಮತ್ತು ನಡುರಾತ್ರಿಯ ಹಾಡು ಎರಡು ಪ್ರಭೇದಗಳಂತೆ ಕೇಳಬಹುದು. ಆದ್ದರಿಂದ ಉಷ್ಣತೆಯನ್ನು ಬರೆದಿಡದ ಹಾಡಿನ ದಾಖಲೆ ದಾಖಲೆಯೇ ಅಲ್ಲ. ಹೆಣ್ಣಿನ ಮಟ್ಟಿಗೆ ಈ ತೊಡಕು ಇಲ್ಲ, ಏಕೆಂದರೆ ತಂಪಿನಲ್ಲಿ ಅದು ನಿಧಾನದ ಹಾಡನ್ನೇ, ಬಿಸಿಯಲ್ಲಿ ವೇಗದ ಹಾಡನ್ನೇ ಮೆಚ್ಚುತ್ತದೆ. ಫ್ಲಾರಿಡಾದ ಥಾಮಸ್ ವಾಕರ್ 1950ರ ದಶಕದಲ್ಲಿ ಮರಜೀರುಂಡೆಗಳಲ್ಲಿ ಇದನ್ನು ತೋರಿಸಿಕೊಟ್ಟನು.

ಒಂದೇ ಹೆಸರಿನ ಗೋಡೆಯಲ್ಲಿ ಮೊದಲ ಬಿರುಕನ್ನು ತಂದವನು ಉತ್ತರ ಕೆರೊಲಿನಾದ ಬೆಂಟ್ಲಿ ಫುಲ್ಟನ್. ದಶಕಗಳ ಕಾಲ ಕೀಟಗಳ ಹಾಡನ್ನು ಬರಿಗಿವಿಯಿಂದ ಅಭ್ಯಸಿಸಿದ್ದ ಈತನು 1952ರಲ್ಲಿ, ತನ್ನ ಸುತ್ತಲ ಪ್ರದೇಶದಲ್ಲೇ ಅಸಿಮಿಲಿಸ್ ಎಂಬ ಹೆಸರಿನಡಿ ನಾಲ್ಕು ಬಗೆಯ ಜೀರುಂಡೆಗಳಿವೆಯೆಂದು ತೋರಿಸಿದನು: ಕಡಲತೀರದ್ದು, ಬೆಟ್ಟದ್ದು, ಕಾಡಿನದು, ಮತ್ತು ಎಳೆಹಾಡಿನದು. ಅವುಗಳ ನೆಲೆ ಬೇರೆ, ಬೆಳೆಯುವ ಕಾಲ ಬೇರೆ, ಹಾಡು ಬೇರೆ. ಪ್ರಯೋಗಶಾಲೆಯಲ್ಲಿ ಜೊತೆಗಿಟ್ಟರೂ ಅವು ಒಂದರೊಡನೊಂದು ಸಂತಾನ ಪಡೆಯಲಿಲ್ಲ. ದೇಹ ಒಂದೇ ಎನ್ನುತ್ತಿದ್ದುದನ್ನು ಬದುಕು ಅಲ್ಲಗಳೆಯಿತು. ಓಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಾರರ್ 1948ರಲ್ಲಿ ಪ್ರಾಣಿಗಳ ಧ್ವನಿಮುದ್ರಣವನ್ನು ಆರಂಭಿಸಿದ್ದನು. ಎರಡನೆಯ ಮಹಾಯುದ್ಧದ ತರುವಾಯ ಬಳಕೆಗೆ ಬಂದ ಟೇಪ್ ರೆಕಾರ್ಡರ್ ಮತ್ತು ಸದ್ದನ್ನು ಕಾಗದದ ಮೇಲೆ ಚಿತ್ರವಾಗಿ ಮೂಡಿಸುವ ಧ್ವನಿಲೇಖಿ ಯಂತ್ರ, ಈ ಎರಡೂ ಸೇರಿ ಹಾರಿಹೋಗುವ ಹಾಡನ್ನು ಮೇಜಿನ ಮೇಲಿಟ್ಟು ಅಳೆಯಬಹುದಾದ ವಸ್ತುವನ್ನಾಗಿ ಮಾಡಿದವು. ಓಹಾಯೊದಲ್ಲಿಯೇ ಕಲಿತ ರಿಚರ್ಡ್ ಅಲೆಕ್ಸಾಂಡರ್ 1957ರಲ್ಲಿ ಪೂರ್ವ ಅಮೆರಿಕದ ಬಯಲು ಜೀರುಂಡೆಗಳನ್ನು ಹಾಡು ಮತ್ತು ಜೀವನಕ್ರಮದ ಆಧಾರದ ಮೇಲೆ ಮತ್ತೆ ಪ್ರತ್ಯೇಕ ಪ್ರಭೇದಗಳಾಗಿ ವಿಂಗಡಿಸಿ, ಕಾಡಿನ ಜೀರುಂಡೆಗೆ ಫುಲ್ಟನ್ನನ ಗೌರವಾರ್ಥವಾಗಿ ಫುಲ್ಟೊನಿ ಎಂದು ಹೆಸರಿಟ್ಟನು.

ಹಾಡೊಂದರಿಂದಲೇ ಎಲ್ಲವೂ ಇತ್ಯರ್ಥವಾಗುತ್ತದೆಂದು ತಿಳಿಯಬಾರದೆಂಬುದನ್ನು ಅದೇ ಅಲೆಕ್ಸಾಂಡರನು 1960ರಲ್ಲಿ ರಾಬರ್ಟ್ ಬಿಗೆಲೊ ಜೊತೆಗೂಡಿ ತೋರಿಸಿದನು. ಈಶಾನ್ಯ ಅಮೆರಿಕದಲ್ಲಿ ವಸಂತದಲ್ಲಿ ಹಾಡುವ ಜೀರುಂಡೆ ಮತ್ತು ಶರತ್ಕಾಲದಲ್ಲಿ ಹಾಡುವ ಜೀರುಂಡೆ ಎರಡೂ ಹೆಚ್ಚು ಕಡಿಮೆ ಒಂದೇ ಹಾಡನ್ನು ಹಾಡುತ್ತವೆ. ಮೊದಲನೆಯದು ಚಳಿಗಾಲವನ್ನು ಮರಿಯಾಗಿ ಕಳೆಯುತ್ತದೆ, ಎರಡನೆಯದು ಮೊಟ್ಟೆಯಾಗಿ. ಪ್ರೌಢಾವಸ್ಥೆಯಲ್ಲಿ ಇವು ಭೇಟಿಯಾಗುವುದೇ ವಿರಳವಾದ್ದರಿಂದ ಹಾಡನ್ನು ಬೇರೆಯಾಗಿಸಿಕೊಳ್ಳುವ ಒತ್ತಡವೂ ಇರಲಿಲ್ಲವೆಂದು ವಾದಿಸಲಾಯಿತು. ಒಂದೇ ಪ್ರಭೇದ ಕಾಲದಿಂದ ಸೀಳಿ ಎರಡಾಯಿತೆಂಬ ಅವರ ಊಹೆ ಆಕರ್ಷಕವಾಗಿತ್ತು. ಆದರೆ ತರುವಾಯದ ಡಿಎನ್ಎ ಅಧ್ಯಯನಗಳು ಇವೆರಡೂ ಹತ್ತಿರದ ಸೋದರ ಪ್ರಭೇದಗಳಲ್ಲವೆಂದು ತಿಳಿಸಿದವು. ಫ್ಲಾರಿಡಾದಲ್ಲಿ ವಾಕರ್ 1974ರಲ್ಲಿ ಹೆಸರಿಸಿದ ಒವಿಸೋಪಿಸ್ ಎಂಬ ಬಯಲು ಜೀರುಂಡೆಯಂತೂ ದೂರದ ಹೆಣ್ಣನ್ನು ಕರೆಯುವ ಹಾಡನ್ನೇ ಹಾಡುವುದಿಲ್ಲ. ಕಿವಿಯನ್ನು ನೆಚ್ಚಿದ ಶಾಸ್ತ್ರ ತನ್ನ ಮಿತಿಯನ್ನು ಹೀಗೆ ಬೇಗನೆ ಅರಿತುಕೊಂಡದ್ದು ಅದಕ್ಕೆ ಒಳಿತನ್ನೇ ಮಾಡಿತು.

ತರಬೇತಾದ ಕಿವಿಯ ಮೇಲಿನ ಈ ಭರವಸೆ ಅಮೆರಿಕಕ್ಕಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ಸಂಗಡಿಗರು ಕುದುರೆಮುಖದ ನಿತ್ಯಹರಿದ್ವರ್ಣ ಕಾಡಿನಲ್ಲಿ ಇರುಳು ಹಾಡುವ ಜೀರುಂಡೆ ಮತ್ತು ಎಲೆಮಿಡತೆಗಳನ್ನು ಹಾಡಿನಿಂದಲೇ ಗುರುತಿಸುವ ಕೆಲಸ ಮಾಡಿ, 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಡುಗಳನ್ನು ಕಲಿತ ಮನುಷ್ಯನೊಬ್ಬ ಕತ್ತಲಲ್ಲಿ ನಿಂತು ಕೇಳುವುದು ಕೀಟಗಳನ್ನು ಹಿಡಿಯದೆ, ಕೊಲ್ಲದೆ ಪ್ರಭೇದಗಳನ್ನು ಎಣಿಸುವ ನಂಬಲರ್ಹ ವಿಧಾನವೆಂದು ತೋರಿಸಿದರು. ಮಲೆನಾಡಿನ ಕಾಡಿನಲ್ಲಿ ಹತ್ತಾರು ಪ್ರಭೇದಗಳು ಒಟ್ಟಿಗೆ ಹಾಡುವುದರಿಂದ ಒಂದನ್ನು ಬೇರ್ಪಡಿಸಿ ಕೇಳುವುದೇ ತೊಡಕು. ಮರುಭೂಮಿಯಲ್ಲಿ ತೊಡಕು ತಿರುವುಮುರುವಾದದ್ದು: ಹಾಡುವವು ವಿರಳ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಮೈಲಿಗಟ್ಟಲೆ ಬರಿನೆಲ, ಹಾಡುವ ಋತುವೋ ಮಳೆಯ ಇಚ್ಛೆಗೆ ಬಿಟ್ಟದ್ದು.

ಮರುಭೂಮಿಯ ಅಂಚಿನ ಟೆಕ್ಸಾಸಿನಿಂದ ಬಂದ ಒಂದು ಶೋಧ ಹಾಡಿನ ಇನ್ನೊಂದು ಮುಖವನ್ನು ತೆರೆಯಿತು. ಆಸ್ಟಿನ್ ನಗರದಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಕೇಡ್ 1975ರಲ್ಲಿ, ಧ್ವನಿವರ್ಧಕದಿಂದ ಬಯಲು ಜೀರುಂಡೆಯ ಹಾಡನ್ನು ಹೊರಡಿಸಿದಾಗ ಆರ್ಮಿಯಾ ಆಕ್ರೇಷಿಯಾ ಎಂಬ ಹಳದಿಗಂದು ನೊಣದ ಹೆಣ್ಣುಗಳು ಹಾಡಿನತ್ತ ಹಾರಿಬಂದು, ಹಾಡುಗಾರನ ಮೈಮೇಲೆ ಮತ್ತು ಸುತ್ತಮುತ್ತ ಜೀವಂತ ಮರಿಹುಳುಗಳನ್ನು ಇಡುವುದನ್ನು ಕಂಡುಹಿಡಿದನು. ಹುಳು ಜೀರುಂಡೆಯ ದೇಹದೊಳಕ್ಕೆ ಕೊರೆದು ಹೊಕ್ಕು, ಒಳಗಿನಿಂದ ತಿನ್ನುತ್ತ ಬೆಳೆದು, ಸುಮಾರು ಒಂದು ವಾರದಲ್ಲಿ ಹೊರಬರುವಾಗ ಜೀರುಂಡೆ ಸಾಯುತ್ತದೆ. ಈ ನೊಣದ ಎರಡು ಕಿವಿಗಳ ನಡುವಿನ ಅಂತರ ಸುಮಾರು ಅರ್ಧ ಮಿಲಿಮೀಟರ್. ಇಷ್ಟು ಹತ್ತಿರದ ಕಿವಿಗಳಿಗೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದು ಸಾಧ್ಯವೇ ಆಗಬಾರದು. ಆದರೆ ಎರಡೂ ಕಿವಿಪೊರೆಗಳು ಒಂದು ಸನ್ನೆಯಂತಹ ಸೇತುವೆಯಿಂದ ಕೂಡಿಕೊಂಡಿದ್ದು, ಅತ್ಯಲ್ಪ ಕಾಲವ್ಯತ್ಯಾಸವನ್ನೂ ಹಿಗ್ಗಿಸುತ್ತವೆಂದು 1990ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ವಿವರಿಸಿದರು, ಮತ್ತು 2001ರಲ್ಲಿ ನೊಣ ಎರಡೇ ಅಂಶಗಳ ಕೋನವ್ಯತ್ಯಾಸವನ್ನು ಗುರುತಿಸಬಲ್ಲದೆಂದು ತಿಳಿದುಬಂತು. ಕೇಡ್ ಕಂಡಂತೆ, ಗಂಡುಗಳಲ್ಲಿ ಕೆಲವು ತಾವು ಹಾಡದೆ, ಹಾಡುವ ಗಂಡಿನ ಪಕ್ಕದಲ್ಲಿ ಅಡಗಿ ನಿಂತು, ಅವನ ಕರೆಗೆ ಬರುವ ಹೆಣ್ಣನ್ನು ತಡೆದು ಕೂಡಲು ಯತ್ನಿಸುತ್ತವೆ. ಹಾಡುವುದೆಂದರೆ ಹೆಣ್ಣಿಗೂ ಸಾವಿಗೂ ಒಮ್ಮೆಗೇ ಕರೆ ಕೊಡುವುದಾದ ನೆಲದಲ್ಲಿ ಮೌನವೂ ಒಂದು ಬಾಳುವೆಯ ಮಾರ್ಗವಾಯಿತು.

ಕೇಡ್ ತನ್ನ ಜೀರುಂಡೆಯನ್ನು ಸ್ಕಡರ್ ಕೊಟ್ಟ ಇಂಟೀಜರ್ ಎಂಬ ಹೆಸರಿನಿಂದ ಕರೆದಿದ್ದನು. ಆದರೆ ಪಶ್ಚಿಮದ ನಿಜವಾದ ಇಂಟೀಜರ್ ತೊದಲಿದಂತೆ ತಡೆತಡೆದು ಎಳೆಯುವ ಹಾಡನ್ನು ಹಾಡುತ್ತದೆ, ಟೆಕ್ಸಾಸಿನದು ಸರಾಗವಾದ ಎಳೆಹಾಡನ್ನು. ಆದ್ದರಿಂದ 2000ದಲ್ಲಿ ಕೇಡ್ ಮತ್ತು ಡೇನಿಯಲ್ ಆಟ್ ಅದನ್ನು ಟೆಕ್ಸೆನ್ಸಿಸ್ ಎಂಬ ಹೊಸ ಪ್ರಭೇದವಾಗಿ ಬೇರ್ಪಡಿಸಿದರು. ಅದರ ಪೂರ್ವದ ನೆರೆಯಾದ ರೂಬೆನ್ಸ್‌ನಿಂದ ಅದನ್ನು ದೇಹದ ಮೇಲೆ ಬೇರ್ಪಡಿಸುವುದು ಬಹಳ ಕಷ್ಟ. ಹಾಡಿನಲ್ಲಿ ಮಾತ್ರ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಟೆಕ್ಸೆನ್ಸಿಸ್‌ನದು ಸೆಕೆಂಡಿಗೆ ಸುಮಾರು 80 ಮಿಡಿತ, ರೂಬೆನ್ಸ್‌ನದು 50ರ ಆಸುಪಾಸು. ಎರಡೂ ಒಟ್ಟಿಗೆ ವಾಸಿಸುವ ಕಡೆಗಳಲ್ಲಿ ಹೆಣ್ಣುಗಳು ಈ ವ್ಯತ್ಯಾಸವನ್ನು ಪಾಲಿಸುತ್ತಲೇ ಬಂದಿವೆ.

ನೇರವಾಗಿ ಮರುಭೂಮಿಯ ಕಡೆಗೆ ತಿರುಗಿದ ಮೊದಲ ದೊಡ್ಡ ಪ್ರಯತ್ನ 1980ರದು. ಡೇವಿಡ್ ವೈಸ್‌ಮನ್, ಡೇವಿಡ್ ರೆಂಟ್ಜ್, ಅಲೆಕ್ಸಾಂಡರ್ ಮತ್ತು ವೆರ್ನರ್ ಲೋಹರ್ ಸೇರಿ ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದ ಬಯಲು ಜೀರುಂಡೆಗಳನ್ನು ವಿವರಿಸಿದರು. ಅಲ್ಲಿಂದ ವೈಸ್‌ಮನ್ ನಾಲ್ಕು ದಶಕಗಳ ಕಾಲ ಈ ಕೆಲಸವನ್ನು ಬಿಡಲಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ ವಿಶ್ವವಿದ್ಯಾಲಯದ ನಾರ್ತ್‌ರಿಜ್ ಶಾಖೆಯ ಡೇವಿಡ್ ಗ್ರೇ ಮುಂದೆ ಅವನ ಜೊತೆಗಾರನಾದನು. ಅವರ ಕ್ರಮ ಸರಳವಾದದ್ದು, ಆದರೆ ತಾಳ್ಮೆ ಬೇಡುವಂಥದ್ದು. ಕತ್ತಲಾಗುವ ಮುನ್ನ ನೆಲದ ಮೇಲೆ ಒಣ ಓಟ್ಸ್ ಹುಡಿಯನ್ನು ಉದ್ದನೆಯ ಸಾಲಾಗಿ ಚೆಲ್ಲಿ, ಇರುಳು ತಲೆದೀಪ ಹಿಡಿದು ಆ ಸಾಲಿನುದ್ದಕ್ಕೂ ನಡೆದರೆ, ಹಾಡದೆ ಅಡಗಿದ್ದ ಜೀರುಂಡೆಗಳೂ ಮೇಯಲು ಬಂದು ಸಿಕ್ಕುತ್ತವೆ. ಹಿಡಿದ ಗಂಡನ್ನು ಬೇರೆ ಡಬ್ಬದಲ್ಲಿಟ್ಟು, ಗಾಳಿಯ ಉಷ್ಣತೆಯನ್ನು ಬರೆದುಕೊಂಡು ಅದರ ಹಾಡನ್ನು ಮುದ್ರಿಸುತ್ತಾರೆ. ಅದೇ ಗಂಡು ತರುವಾಯ ಸೂಜಿಯ ಮೇಲೆ ಮಾದರಿಯಾಗಿ ನಿಲ್ಲುತ್ತದೆ, ಅದರ ದೇಹದ ತುಣುಕು ಡಿಎನ್ಎ ಪರೀಕ್ಷೆಗೆ ಹೋಗುತ್ತದೆ. ದೇಹ, ಹಾಡು, ಅನುವಂಶಿಕ ಸಾಮಗ್ರಿ ಮೂರೂ ಒಂದೇ ಜೀವಿಯದ್ದೆಂದು ಸಂಖ್ಯೆಯೊಂದರಿಂದ ಕಟ್ಟಿಡುವ ಈ ಪದ್ಧತಿಯೇ 1915ರ ಗೊಂದಲಕ್ಕೆ ನಿಜವಾದ ಪರಿಹಾರವೆಂದು ಹೇಳಬೇಕು.

ಈ ಹಾದಿಯಲ್ಲಿ 2009ರಲ್ಲಿ ವೈಸ್‌ಮನ್, ವಾಕರ್ ಮತ್ತು ಗ್ರೇ, ಅಸಿಮಿಲಿಸ್ ಎಂಬ ಆ ಹಳೆಯ, ಎಲ್ಲವನ್ನೂ ನುಂಗಿದ್ದ ಹೆಸರನ್ನು ಅದರ ಸರಿಯಾದ ಎಲ್ಲೆಯೊಳಗೆ ನಿಲ್ಲಿಸಿ, ಅದರ ಎರಡು ಸೋದರ ಪ್ರಭೇದಗಳನ್ನು ಬೇರ್ಪಡಿಸಿದರು. ಅವುಗಳಲ್ಲಿ ನೈಋತ್ಯದಲ್ಲಿ ವಾಸಿಸುವುದಕ್ಕೆ ಮಲ್ಟಿಪಲ್ಸೇಟರ್ ಎಂದು ಹೆಸರಿಟ್ಟರು, ಅದರ ನೀಳವಾದ ಚಿರ್ರಿನೊಳಗೆ ಹೆಚ್ಚಿನ ಮಿಡಿತಗಳಿರುವ ಕಾರಣಕ್ಕೆ. ಹಾಡೇ ಹೆಸರಾದ ಈ ಉದಾಹರಣೆ ಸ್ಕಡರನ ಕಾಲದಲ್ಲಿ ಊಹಿಸಲಾಗದ್ದು. 2019ರ ವೈಸ್‌ಮನ್ ಮತ್ತು ಗ್ರೇ ಅವರ 277 ಪುಟಗಳ ಗ್ರಂಥದಲ್ಲಿ ನಾವಹೋ, ಚಿಸೊಸೆನ್ಸಿಸ್, ಟ್ರಾನ್ಸ್‌ಪೆಕೋಸ್ ಮುಂತಾದ ಹೊಸ ಹೆಸರುಗಳು ಸಾಲುಗಟ್ಟಿ ಬರುತ್ತವೆ. ಅವುಗಳಲ್ಲಿ ಕೆಲವು ಒಣಭೂಮಿಯ ಬೆಟ್ಟ, ಪ್ರದೇಶ, ಜನಾಂಗಗಳಿಂದ ಬಂದವು. ಪೂರ್ವದ ತೇವನಾಡಿನ ಪ್ರಭೇದಗಳು 1960ರ ಹೊತ್ತಿಗೇ ಬಹುಪಾಲು ತಿಳಿದಿದ್ದುದರಿಂದ, ಹೊಸದಾಗಿ ಕೇಳಿಸಿದ ಹಾಡುಗಳಲ್ಲಿ ಹೆಚ್ಚಿನವು ಪಶ್ಚಿಮದವು.

ಈ ಹೆಸರುಗಳ ಲೆಕ್ಕ ವಿದ್ವಾಂಸರ ಕೋಣೆಗಷ್ಟೇ ಸೇರಿದ್ದಲ್ಲ ಎಂಬುದನ್ನು ಜೀರುಂಡೆ ಸಾಕುವ ಉದ್ಯಮ ತೋರಿಸಿಕೊಟ್ಟಿತು. ಮೀನಿನ ಗಾಳಕ್ಕೆ, ಸಾಕಿದ ಹಲ್ಲಿ ಮತ್ತು ಕಪ್ಪೆಗಳ ಆಹಾರಕ್ಕೆ ಉತ್ತರ ಅಮೆರಿಕದಲ್ಲಿ ಕೋಟಿಗಟ್ಟಲೆ ಮಾರಾಟವಾಗುತ್ತಿದ್ದ ಮನೆ ಜೀರುಂಡೆ, ಅಕೀಟಾ ಡೊಮೆಸ್ಟಿಕಸ್, 2009 ಮತ್ತು 2010ರಲ್ಲಿ ಡೆನ್ಸೊವೈರಸ್ ಎಂಬ ಸೋಂಕಿನಿಂದ ತೊಟ್ಟಿತೊಟ್ಟಿಯಾಗಿ ಸತ್ತು, ಎಷ್ಟೋ ಸಾಕಣೆಗಾರರು ದಿವಾಳಿಯಾದರು. ಅದರ ಜಾಗಕ್ಕೆ ಸೋಂಕು ತಗಲದ ಇತರ ಜೀರುಂಡೆಗಳು ಬಂದವು. ಅವುಗಳಲ್ಲಿ ಒಂದು, ವ್ಯಾಪಾರದ ಬಾಯಲ್ಲಿ ಕ್ರೇಜಿ ರೆಡ್ ಎಂದು ಕರೆಸಿಕೊಳ್ಳುತ್ತಿದ್ದದ್ದು, ಯಾವ ಪುಸ್ತಕದಲ್ಲೂ ಇಲ್ಲದ ಪ್ರಭೇದವೆಂದು ವೈಸ್‌ಮನ್ ಮತ್ತು ಸಂಗಡಿಗರು 2012ರಲ್ಲಿ ತಿಳಿಸಿ, ಅದಕ್ಕೆ ಲೊಕೊರೊಹೊ ಎಂದು ಹೆಸರಿಟ್ಟರು. ರಾಜ್ಯದಿಂದ ರಾಜ್ಯಕ್ಕೆ ಡಬ್ಬಗಳಲ್ಲಿ ಸಾಗುವ ಕೀಟ ತಪ್ಪಿಸಿಕೊಂಡು ಬೆಚ್ಚನೆಯ ನೆಲದಲ್ಲಿ ನೆಲೆ ನಿಂತರೆ ಆಗಬಹುದಾದ ಅನಾಹುತವನ್ನು ಅವರು ಗಂಭೀರವಾಗಿಯೇ ಎಚ್ಚರಿಸಿದರು. ಹಾಡನ್ನು ಕೇಳಿ ಗುರುತಿಸುವವರು ಇಲ್ಲದಿದ್ದರೆ, ಹೀಗೆ ನುಗ್ಗಿಬಂದ ಜೀರುಂಡೆ ಸ್ಥಳೀಯವಾದದ್ದೆಂದೇ ಬಹುಕಾಲ ಎಣಿಕೆಗೆ ಸಿಕ್ಕುತ್ತಿತ್ತು.

2019ರ ಗ್ರಂಥವು ಅಮೆರಿಕ ಸಂಯುಕ್ತ ಸಂಸ್ಥಾನದ ಗಡಿಗೆ ಬಂದು ನಿಲ್ಲುತ್ತದೆ, ಮರುಭೂಮಿ ಮಾತ್ರ ನಿಲ್ಲುವುದಿಲ್ಲ. ಸೊನೊರಾ ಮರುಭೂಮಿಯ ಬಹುದೊಡ್ಡ ಪಾಲೂ, ಚಿವಾವಾ ಮರುಭೂಮಿಯ ಅರ್ಧಕ್ಕಿಂತ ಹೆಚ್ಚು ಭಾಗವೂ ಮೆಕ್ಸಿಕೊದಲ್ಲಿವೆ, ಮತ್ತು ಅಲ್ಲಿನ ಬಯಲು ಜೀರುಂಡೆಗಳಿಗೆ ಇಂತಹ ಹಾಡು, ದೇಹ, ಡಿಎನ್ಎಗಳನ್ನು ಒಂದಾಗಿ ಕಟ್ಟಿದ ಸಮಗ್ರ ಗ್ರಂಥ ಇನ್ನೂ ಬರಬೇಕಾಗಿದೆ.